ಡೀಸೆಲ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಪಂಪು, ಇಂಜೆಕ್ಟರ್ ಬದಲಿಸಲು ಒಪ್ಪುವ ಮುಂಚೆ ಇದನ್ನು ಓದಿ

ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0087 ಎಂಬ ಕೋಡ್ ಬರುತ್ತದೆ. ಅಂದರೆ ರೈಲ್ ಪ್ರೆಶರ್ ಕಡಿಮೆ. ರೈಲ್ ಎಂದರೆ ಹೈ ಪ್ರೆಶರ್ ಪಂಪು ಒತ್ತಿದ ಡೀಸೆಲನ್ನು ಇಂಜೆಕ್ಟರ್‌ಗಳಿಗೆ ಹಂಚುವ ಕೊಳವೆ, ಇಂಜೆಕ್ಟರ್ ಅದನ್ನು ಸಿಲಿಂಡರಿಗೆ ಚಿಮ್ಮಿಸುತ್ತದೆ. ಅಷ್ಟು ನೋಡಿದ್ದೇ ತಡ, "ಹೈ ಪ್ರೆಶರ್ ಪಂಪು ಹೋಗಿದೆ" ಎಂಬ ತೀರ್ಮಾನ ಹೊರಬೀಳುತ್ತದೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ರೈಲ್ ಇರುವ) ಡೀಸೆಲ್ ಕಾರಿನ ಮಾಲೀಕರು ದೊಡ್ಡ ಮೊತ್ತ ಕಳೆದುಕೊಳ್ಳುವುದು ಈ ಒಂದು ಮಾತಿಗೆ ತಲೆ ಆಡಿಸಿದಾಗ. ಒಂದು ಗಾಡಿಗೆ ಏನೇನಾಯಿತು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇವೆ. ಇದರಲ್ಲಿ ಆದ ಒಂದೊಂದು ತಪ್ಪನ್ನೂ ತಡೆಯಬಹುದಿತ್ತು.

ಗಾಡಿಯದು ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಎಂಜಿನ್. ಟ್ಯಾಂಕಿನೊಳಗೆ ಪಂಪು ಇಲ್ಲ. ಹೈ ಪ್ರೆಶರ್ ಪಂಪಿನ ಬೆನ್ನಿಗೇ ಇರುವ ಚಿಕ್ಕ ಗೇರ್ ಪಂಪು ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಎಳೆದುಕೊಳ್ಳುತ್ತದೆ. ಸರ್ವಿಸಿನಲ್ಲಿ ಡೀಸೆಲ್ ಫಿಲ್ಟರ್ ಹೊಸದು ಹಾಕಿದ್ದರು. ಅದಾದ ಮೇಲೆ ಬೆಳಗಿನ ಹೊತ್ತು ಉದ್ದಕ್ಕೆ ಸೆಲ್ಫ್ ಹೊಡೆಯಬೇಕಾಯಿತು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಯಾವ ತಕರಾರೂ ಇಲ್ಲ. ಕೊನೆಗೊಂದು ಬೆಳಿಗ್ಗೆ ಸ್ಟಾರ್ಟ್ ಆಗಲೇ ಇಲ್ಲ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ 100 ಬಾರ್ (ಒತ್ತಡದ ಅಳತೆ) ಕೂಡ ಮುಟ್ಟುತ್ತಿರಲಿಲ್ಲ, ಸೈಲೆನ್ಸರಿನಿಂದ ಹೊಗೆಯ ಸುಳಿವೂ ಇರಲಿಲ್ಲ.

ಗ್ಯಾರೇಜಿನವರು ಪಂಪು ಬದಲಿಸಿದರು. ಹೊಸ ಪಂಪು ಕೂರಿಸಿದ ಮೇಲೆ ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಏರ್ ತೆಗೆದರು, ಗಾಡಿ ಕೂಡಲೇ ಸ್ಟಾರ್ಟ್ ಆಯಿತು. ಕೆಲಸ ಮುಗಿಯಿತೆಂದು ಕೀ ಕೊಟ್ಟು ಕಳಿಸಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ. ಆಗ "ಇಂಜೆಕ್ಟರ್‌ಗಳೂ ಹೋಗಿವೆ" ಎಂದರು. ನಾಲ್ಕನ್ನೂ ಬಿಚ್ಚಿದರು. ಒಂದು ಹೆಡ್ಡಿನಲ್ಲಿ ಕಚ್ಚಿಕೊಂಡಿದ್ದರಿಂದ ಹೊಡೆದು ತೆಗೆಯಬೇಕಾಯಿತು. ಎರಡು ಹೊಸದು ಹಾಕಿದರು, ಆದರೆ ಅವುಗಳ ಕೋಡ್‌ಗಳನ್ನು ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಬರೆಯಲಿಲ್ಲ. ಈಗ ಐಡಲಿನಲ್ಲಿ ಕಟಕಟ ಸದ್ದು, ಆಕ್ಸಿಲರೇಟರ್ ಒತ್ತಿದರೆ ಹೊಗೆ. ಬೆಳಗಿನ ತೊಂದರೆ ಮಾತ್ರ ಇದ್ದ ಹಾಗೇ ಇತ್ತು.

ನಿಜವಾದ ದೋಷ ಸಿಕ್ಕಿದ್ದು ಫಿಲ್ಟರಿಗೂ ಪಂಪಿಗೂ ನಡುವೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿದಾಗ. ಡೀಸೆಲ್ ಜೊತೆ ಗುಳ್ಳೆಗಳು ಸಾಲುಸಾಲಾಗಿ ಬರುತ್ತಿದ್ದವು. ಫಿಲ್ಟರಿನ ಇನ್‌ಲೆಟ್ ಕಪ್ಲಿಂಗ್ ಒಳಗಿನ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಒಂದು ಕಡೆ ಕತ್ತರಿಸಿಹೋಗಿತ್ತು. ಫಿಲ್ಟರ್ ಬದಲಿಸುವಾಗ ಒಣ ಓ-ರಿಂಗನ್ನು ಓರೆಯಾಗಿ ಒತ್ತಿ ಸಿಕ್ಕಿಸಿದ್ದರ ಫಲ ಅದು.

ಇಷ್ಟು ಜನ ಇದನ್ನು ಹೇಗೆ ನೋಡದೆ ಹೋದರು? ಕಾರಣ ಎರಡು. ಟ್ಯಾಂಕಿನಿಂದ ಪಂಪಿನವರೆಗಿನ ಲೈನಿನಲ್ಲಿ ಇರುವುದು ಎಳೆತ, ಒತ್ತಡವಲ್ಲ. ಆದ್ದರಿಂದ ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ಹನಿಯೂ ಕಾಣದಿದ್ದಾಗ ಲೀಕ್ ಇಲ್ಲ ಎಂದುಕೊಳ್ಳುವುದು ಸಹಜ. ಎರಡನೆಯದು ಕೈಪಂಪು. ರಾತ್ರಿಯಿಡೀ ನಿಂತಾಗ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ಹಿಂದೆ ಸರಿಯುತ್ತದೆ, ಲೈನಿನಲ್ಲಿ ಗಾಳಿ ತುಂಬುತ್ತದೆ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಹಾಗಾಗಿ ರೈಲಿನಲ್ಲಿ ಪ್ರೆಶರ್ ಏರುವುದಿಲ್ಲ. ಯಾವ ಪಾರ್ಟ್ ಬದಲಿಸಿದರೂ ಕೊನೆಗೆ ಕೈಪಂಪು ಒತ್ತಿಯೇ ಸ್ಟಾರ್ಟ್ ಮಾಡಬೇಕು. ಒತ್ತಿದೊಡನೆ ಗಾಳಿ ಹೊರಹೋಗಿ ಗಾಡಿ ಸ್ಟಾರ್ಟ್ ಆಗುತ್ತದೆ, ಹೊಸ ಪಾರ್ಟ್‌ನಿಂದಲೇ ಸರಿಯಾಯಿತು ಎಂದು ಎಲ್ಲರೂ ನಂಬುತ್ತಾರೆ. ಈ ಬಗೆಯ ರಿಪೇರಿ ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಗಾಡಿ ಒಂದು ರಾತ್ರಿ ನಿಂತು ಮರುದಿನ ಸ್ಟಾರ್ಟ್ ಆಗಬೇಕು. ಅಲ್ಲಿಯವರೆಗೆ ಗಾಡಿ ಗ್ಯಾರೇಜಿನಲ್ಲೇ ಇರಲಿ.

ಇನ್ನು ಪರೀಕ್ಷೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದು.

ಮೊದಲು ಬ್ಯಾಟರಿ. ಅದನ್ನು ನೋಡದೆ ಮುಂದೆ ಹೋಗಲೇಬೇಡಿ. ಗಾಡಿ ನಿಂತು ಕೆಲವು ಗಂಟೆಯಾದ ಮೇಲೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.4 ಇದ್ದರೆ ಸುಮಾರು ಮುಕ್ಕಾಲು, 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬ್ಯಾಟರಿ ಸರಿಯಿದ್ದೂ ಎಂಜಿನ್ ಭಾರವಾಗಿ ತಿರುಗಿದರೆ, ವೋಲ್ಟ್ ಮೀಟರಿನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಯಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸ್ಟ್ರಾಪ್ ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ, ಗಾಳಿಯನ್ನು ಒತ್ತಿ ಬರುವ ಬಿಸಿಯಿಂದಲೇ ಡೀಸೆಲ್ ಉರಿಯಬೇಕು. ನಿಧಾನವಾಗಿ ತಿರುಗಿದರೆ ಆ ಬಿಸಿಯೂ ಸಾಲದು, ಪಂಪಿನ ಪ್ರೆಶರೂ ಸಾಲದು. ಬ್ಯಾಟರಿ ಸೋತಾಗಲೂ ಅದೇ ಪಿ0087 ಬರಬಹುದು.

ಸದ್ದಿಗೂ ಕಿವಿಗೊಡಿ. ಕಂಪ್ರೆಶನ್ನಿನ (ಸಿಲಿಂಡರಿನಲ್ಲಿ ಗಾಳಿ ಒತ್ತುವುದರ) ಏರಿಳಿತವೇ ಇಲ್ಲದೆ ಎಂಜಿನ್ ಒಂದೇ ಸಮನೆ ಹಗುರವಾಗಿ ಸುಂಯ್ ಎಂದು ತಿರುಗಿದರೆ ಟೈಮಿಂಗ್ ಬೆಲ್ಟ್ ಕಿತ್ತಿರಬಹುದು. ಅಲ್ಲಿಗೇ ನಿಲ್ಲಿಸಿ, ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ.

ಆಮೇಲೆ ಹೊಗೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಕೊಡುವ ಪ್ಲಗ್), ಕಂಪ್ರೆಶನ್, ತಿರುಗುವ ವೇಗ ಇವುಗಳ ಕಡೆ ನೋಡಬೇಕು. ಹೊಗೆ ಬರದಿದ್ದರೆ ಇಂಜೆಕ್ಟರ್ ತೆರೆಯುತ್ತಲೇ ಇಲ್ಲ. ಆಗ ಪ್ರೆಶರ್, ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್), ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ತಡೆಯುವ ವ್ಯವಸ್ಥೆ) ಇವುಗಳ ಸರದಿ. ಕೆಲವು ಗಾಡಿಗಳಲ್ಲಿ ಕೀಲಿ ಗುರುತು ಸಿಗದಿದ್ದರೂ ಸೆಲ್ಫ್ ಹೊಡೆಯುತ್ತದೆ, ಡೀಸೆಲ್ ಮಾತ್ರ ಬಿಡುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ದೀಪ ಮಿಣುಕುತ್ತಿದೆಯೇ ನೋಡಿ, ಇನ್ನೊಂದು ಕೀ ಇದ್ದರೆ ಹಾಕಿ ನೋಡಿ.

ಹೀಟರ್ ಪ್ಲಗ್ ಮೇಲೆ ತಪ್ಪು ಹೊರಿಸುವುದು ಸುಲಭ. ಬೆಚ್ಚಗಿನ ಹವೆಯಲ್ಲಿ ನೇರ ಇಂಜೆಕ್ಷನ್ನಿನ ಎಂಜಿನ್ ಸಾಮಾನ್ಯವಾಗಿ ಹೀಟರ್ ಪ್ಲಗ್ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಹೊಗೆಯೇ ಇಲ್ಲದೆ ನಿಂತ ಗಾಡಿಗೆ ಪ್ಲಗ್ ಬದಲಿಸಿ ಪ್ರಯೋಜನವಿಲ್ಲ. ಅನುಮಾನವಿದ್ದರೆ ವೈರ್ ಬಿಚ್ಚಿ ಓಮ್ ಅಳೆಯಿರಿ: ಸಾಮಾನ್ಯ ಲೋಹದ ಪ್ಲಗ್ ಒಂದೆರಡು ಓಮ್ ಒಳಗೆ ತೋರಿಸುತ್ತದೆ, ಹೋಗಿದ್ದರೆ ಮೀಟರ್ ಏನೂ ತೋರಿಸುವುದಿಲ್ಲ. ಹೊಸ ಗಾಡಿಗಳ ಕಡಿಮೆ ವೋಲ್ಟಿನ ಪ್ಲಗ್‌ಗಳಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸಿದರೆ ಸುಟ್ಟೇ ಹೋಗುತ್ತವೆ.

ಈಗ ಸ್ಕ್ಯಾನರ್. ಕೋಡ್ ಓದಿ ಸ್ಕ್ಯಾನರ್ ತೆಗೆದಿಡುವವರನ್ನು ನಂಬಬೇಡಿ, ಸೆಲ್ಫ್ ಹೊಡೆಯುತ್ತಿರುವಾಗಲೇ ಲೈವ್ ಡೇಟಾ ತೋರಿಸಲು ಕೇಳಿ. ಎಂಜಿನ್ ಆರ್‌ಪಿಎಂ ಸುಮಾರು 200ರಿಂದ 250 ಬರಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ಎಂದಿದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಬೇಕು, ಜೊತೆಗೆ ಪಿ0335 ಕೋಡ್ ಇರಬಹುದು. ರೈಲ್ ಪ್ರೆಶರ್ ಎಷ್ಟು ಬೇಕು ಎಂಬುದು ಎಂಜಿನ್ನಿಂದ ಎಂಜಿನ್ನಿಗೆ ಬದಲಾದರೂ, ಹೆಚ್ಚಿನವುಗಳಲ್ಲಿ 200ರಿಂದ 250 ಬಾರ್ ಆಗುವವರೆಗೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಕೀ ಆನ್ ಮಾಡಿ ಎಂಜಿನ್ ನಿಂತಿರುವಾಗ ಪ್ರೆಶರ್ ಸೊನ್ನೆಯ ಆಸುಪಾಸು ಇರಬೇಕು, ಸೆನ್ಸರಿನ ಸಿಗ್ನಲ್ ವೈರಿನಲ್ಲಿ ಸುಮಾರು ಅರ್ಧ ವೋಲ್ಟ್. ರಾತ್ರಿಯೆಲ್ಲ ನಿಂತ ಗಾಡಿ ನೂರಾರು ಬಾರ್ ತೋರಿಸಿದರೆ ಸೆನ್ಸರನ್ನೇ ನಂಬುವಂತಿಲ್ಲ.

ಪ್ರೆಶರ್ ನಿಜಕ್ಕೂ ಏರುತ್ತಿಲ್ಲ ಎಂದು ಖಚಿತವಾದರೆ ದಾರಿ ಮೂರು: ಪಂಪಿಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ, ಬಂದದ್ದು ಎಲ್ಲೋ ಸೋರಿ ರಿಟರ್ನ್ ಆಗುತ್ತಿದೆ, ಅಥವಾ ಪಂಪು ಒತ್ತುತ್ತಿಲ್ಲ. ಪಂಪನ್ನು ಕೊನೆಗೆ ಅನುಮಾನಿಸಬೇಕು. ಮೊದಲೆರಡನ್ನು ನೋಡಲು ಹೆಚ್ಚು ಹೊತ್ತೂ ಬೇಡ, ದುಬಾರಿ ಸಾಮಾನೂ ಬೇಡ.

ಪಂಪಿನ ಇನ್‌ಲೆಟ್‌ಗೆ ಪಾರದರ್ಶಕ ಪೈಪ್ ಹಾಕಿ ಗುಳ್ಳೆ ನೋಡಿ. ಅದಕ್ಕಿಂತ ನಿರ್ಣಾಯಕ ಪರೀಕ್ಷೆ ಒಂದಿದೆ. ಶುಚಿಯಾದ ಕ್ಯಾನಿನಲ್ಲಿ ಒಂದೆರಡು ಲೀಟರ್ ಹೊಸ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿಟ್ಟು, ಡೀಸೆಲ್ ತಡೆಯುವ ಪೈಪಿನಿಂದ ನೇರವಾಗಿ ಪಂಪಿನ ಇನ್‌ಲೆಟ್‌ಗೆ ಕೊಡಿ. ರಿಟರ್ನ್ ಲೈನ್ (ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪು) ಇದ್ದಲ್ಲೇ ಇರಲಿ. ಪೈಪಿನಲ್ಲಿ ಗಾಳಿ ಇಲ್ಲದಂತೆ ತುಂಬಿಸಿಕೊಂಡು ಸೆಲ್ಫ್ ಹೊಡೆಯಿರಿ. ಗಾಡಿ ಸ್ಟಾರ್ಟ್ ಆಗಿ ಸ್ಥಿರವಾಗಿ ಓಡಿದರೆ, ಮತ್ತು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆಯೂ ಒಂದೇ ಸೆಲ್ಫಿಗೆ ಹತ್ತಿದರೆ, ಪಂಪು ಮತ್ತು ಇಂಜೆಕ್ಟರ್ ನಿರಪರಾಧಿಗಳು. ದೋಷ ಟ್ಯಾಂಕಿನಿಂದ ಫಿಲ್ಟರ್ ಮೂಲಕ ಪಂಪಿನವರೆಗಿನ ದಾರಿಯಲ್ಲಿದೆ. ಮೇಲೆ ಹೇಳಿದ ಗಾಡಿಗೆ ಮೊದಲ ದಿನವೇ ಇದನ್ನು ಮಾಡಿದ್ದರೆ ಒಂದು ಓ-ರಿಂಗಿನಲ್ಲಿ ಮುಗಿಯುತ್ತಿತ್ತು. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪು ಇರುವ ಗಾಡಿಗಳಲ್ಲಿ ಇದಕ್ಕೆ ಬದಲು ಫಿಲ್ಟರ್ ಬಳಿ ಗೇಜ್ ಹಾಕಿ, ಕಂಪನಿ ಹೇಳಿದಷ್ಟು ಒತ್ತಡ ಬರುತ್ತಿದೆಯೇ ನೋಡಬೇಕು. ಪಂಪಿನ ಫ್ಯೂಸ್, ರಿಲೇ ಅದಕ್ಕೂ ಮುಂಚೆ.

ಆಮೇಲೆ ರಿಟರ್ನ್ ಟೆಸ್ಟ್. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪ್ ತೆಗೆದು, ಒಂದೇ ಅಳತೆಯ ಪೈಪು ಸಿಕ್ಕಿಸಿ ನಾಲ್ಕು ಬಾಟಲಿಗೆ ಬಿಡುತ್ತಾರೆ. ಬಿಚ್ಚಿದ ರಿಟರ್ನ್ ಲೈನಿನ ಬಾಯಿ ಮುಚ್ಚಿರಬೇಕು. ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆದಾಗ ಒಳ್ಳೆಯ ಇಂಜೆಕ್ಟರ್ ಬಿಡುವುದು ತೀರಾ ಸ್ವಲ್ಪ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಪ್ರೆಶರ್ ಸೋರುತ್ತಿರುವುದು ಅಲ್ಲಿ, ಬದಲಿಸಬೇಕಾದದ್ದೂ ಅದೊಂದೇ. ನಾಲ್ಕೂ ಸಮನಾಗಿ ಕಡಿಮೆ ಇದ್ದರೆ ಇಂಜೆಕ್ಟರ್ ಬಿಚ್ಚಲು ಕಾರಣವೇ ಇಲ್ಲ. ಪೀಜೋ ಇಂಜೆಕ್ಟರ್ (ವಿದ್ಯುತ್ ಕೊಟ್ಟರೆ ಹಿಗ್ಗುವ ಹರಳಿನಿಂದ ತೆರೆಯುವ ಬಗೆ) ಇರುವ ಎಂಜಿನ್ನಿಗೆ ಈ ಬಾಟಲಿ ಪರೀಕ್ಷೆ ಸಲ್ಲದು. ಅವುಗಳಲ್ಲಿ ಹಲವಕ್ಕೆ ರಿಟರ್ನ್ ಲೈನಿನಲ್ಲೇ ಸುಮಾರು 10 ಬಾರ್ ಒತ್ತಡ ಇದ್ದರೆ ಮಾತ್ರ ಕೆಲಸ. ರೈಲಿನ ಪ್ರೆಶರ್ ವಾಲ್ವಿನ ರಿಟರ್ನನ್ನೂ ಹೀಗೇ ಬಿಡಿಸಿ ನೋಡಬೇಕು. ಅದು ಕಚ್ಚಿಕೊಂಡು ತೆರೆದೇ ಇದ್ದರೂ ಲಕ್ಷಣ ಇದೇ.

ಇಷ್ಟೆಲ್ಲ ಸರಿಯಿದ್ದರೆ ಪಂಪಿನ ಮೇಲೆ ಅನುಮಾನ ಪಡಬಹುದು. ಆಗಲೂ ಹಳೆ ಫಿಲ್ಟರಿನ ಡೀಸೆಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಮಿನುಗುವ ಲೋಹದ ಪುಡಿ ಕಂಡರೆ ಪಂಪು ಒಳಗೇ ಸವೆದು ಉದುರುತ್ತಿದೆ. ಆ ಪುಡಿ ರೈಲಿಗೆ, ಇಂಜೆಕ್ಟರಿಗೆ, ರಿಟರ್ನ್ ಮೂಲಕ ಟ್ಯಾಂಕಿಗೂ ಹೋಗಿರುತ್ತದೆ. ಪಂಪು ಒಂದನ್ನೇ ಬದಲಿಸಿದರೆ ಉಳಿದ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ.

ಕೆಲವು ಕೆಲಸಗಳನ್ನು ಯಾರು ಹೇಳಿದರೂ ಮಾಡಬೇಡಿ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯುವ ರೂಢಿಯಿತ್ತು. ಕಾಮನ್ ರೈಲಿನಲ್ಲಿ ಅದು ಪ್ರಾಣಕ್ಕೆ ಅಪಾಯ. ನೂರಾರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಕಡಿಮೆ, ಒಳಗೆ ಮಾಂಸ ಕೊಳೆಯತೊಡಗುತ್ತದೆ. ಹಾಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ತಡವಾದರೆ ಬೆರಳು, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ಪೈಪ್ ಬಿಚ್ಚಬೇಕಾದರೆ ಎಂಜಿನ್ ನಿಂತು ಕೆಲವು ನಿಮಿಷವಾಗಿ, ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ಸೊನ್ನೆಗೆ ಇಳಿದಿರಬೇಕು.

ಏರ್ ಫಿಲ್ಟರಿನೊಳಗೆ ಈಥರ್ ಸ್ಪ್ರೇ ಹೊಡೆಯಲು ಬಿಡಬೇಡಿ. ಕಾದ ಹೀಟರ್ ಪ್ಲಗ್ ಅದಕ್ಕೆ ತಾಗಿದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಸಿಡಿದು ಪಿಸ್ಟನ್, ರಿಂಗು ಒಡೆಯಬಹುದು. ಏರ್ ತೆಗೆಯಲೆಂದು ಸೆಲ್ಫ್ ಹೊಡೆಯುತ್ತಲೇ ಇರುವುದೂ ತಪ್ಪು. ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಆಯಿಲ್, ಒಣಗಿ ತಿರುಗಿದರೆ ಸವೆಯುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ನೀರಿನಲ್ಲಿ ಮುಳುಗಿ ನಿಂತ ಗಾಡಿಗೆ ಸೆಲ್ಫ್ ಹೊಡೆಯಲೇಬಾರದು, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಪ್ಪಿ ಪೆಟ್ರೋಲ್ ತುಂಬಿಸಿದ್ದರೆ ಕೀ ಆನ್ ಕೂಡ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ಗ್ಯಾರೇಜಿನವರು ಪಂಪು ಅಥವಾ ಇಂಜೆಕ್ಟರ್ ಎಂದಾಗ ಜಗಳ ಬೇಡ, ಕೇಳಬೇಕಾದ್ದನ್ನು ಕೇಳಿ: ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು, ರೈಲ್ ಪ್ರೆಶರ್ ಎಷ್ಟು ಬೇಕಿತ್ತು, ಎಷ್ಟು ಬಂತು, ಕ್ಯಾನಿನಿಂದ ನೇರ ಡೀಸೆಲ್ ಕೊಟ್ಟಾಗ ಏನಾಯಿತು, ನಾಲ್ಕು ಬಾಟಲಿಗಳ ಫೋಟೋ ಎಲ್ಲಿ. ಉತ್ತರ ಎಸ್ಟಿಮೇಟಿನ ಹಾಳೆಯ ಮೇಲೇ ಬರೆದುಕೊಡಲಿ. ಇವು ಇಲ್ಲದೆ ಬರುವ ಎಸ್ಟಿಮೇಟಿಗೆ ಸಹಿ ಹಾಕಬೇಡಿ. ಇಂಜೆಕ್ಟರ್ ಬದಲಿಸಲೇಬೇಕಾದರೆ ತಾಮ್ರದ ವಾಷರ್ ಹೊಸದಿರಲಿ, ಇಂಜೆಕ್ಟರ್ ಮೈಮೇಲೆ ಕೆತ್ತಿರುವ ಕೋಡನ್ನು ಇಸಿಯುಗೆ ಬರೆದದ್ದನ್ನು ಸ್ಕ್ಯಾನರಿನಲ್ಲಿ ತೋರಿಸಲಿ, ಹಳೆಯವನ್ನು ವಾಪಸ್ ಕೊಡಲಿ.

ಫಿಲ್ಟರ್ ಬದಲಿಸುವ ದಿನ ಎದುರಿಗೇ ನಿಂತು ನೋಡಿ. ಹಳೆ ಓ-ರಿಂಗ್ ಮುಚ್ಚಳಕ್ಕೆ ಅಂಟಿಕೊಂಡಿಲ್ಲ ತಾನೇ? ಹೊಸದಕ್ಕೆ ಶುಚಿಯಾದ ಡೀಸೆಲ್ ಸವರಿದರೇ? ಕಪ್ಲಿಂಗ್ ನೇರವಾಗಿ ಕೂತು ಟಕ್ ಎಂದಿತೇ? ಕೈಪಂಪು ಗಟ್ಟಿಯಾಗುವವರೆಗೆ ಒತ್ತಿ ಏರ್ ತೆಗೆದ ಮೇಲಷ್ಟೇ ಸೆಲ್ಫ್ ಹೊಡೆಯಬೇಕು. ಕೈಪಂಪು ಇಲ್ಲದೆ ಟ್ಯಾಂಕಿನಲ್ಲಿ ಪಂಪು ಇರುವ ಗಾಡಿಯಾದರೆ ಸೆಲ್ಫ್ ಹೊಡೆಯದೆ ಕೀಯನ್ನು ಐದಾರು ಸಲ ಆನ್ ಆಫ್ ಮಾಡಿ, ಪ್ರತಿ ಸಲವೂ ಪಂಪಿನ ಸದ್ದು ನಿಲ್ಲುವವರೆಗೆ ಕಾಯಿರಿ.