ತೆರಿಗೆ ಕೀ ಇರುವ ಮೇಜಿನ ಕ್ಯಾಲ್ಕುಲೇಟರ್: ಬಿಲ್ ಲೆಕ್ಕಕ್ಕೆ ಹೇಗಿದೆ?

ಟ್ಯಾಕ್ಸ್ ಪ್ಲಸ್, ಟ್ಯಾಕ್ಸ್ ಮೈನಸ್ ಕೀಗಳಿರುವ ಈ ಬಗೆಯ ಯಂತ್ರದಲ್ಲಿ ತೆರಿಗೆ ದರವನ್ನು ಒಮ್ಮೆ ತುಂಬಿಸಿಟ್ಟರೆ ಸಾಕು. 2500ರ ವಸ್ತುವಿಗೆ ಶೇ. 20, ಅದರ ಮೇಲೆ ಮತ್ತೆ ಶೇ. 10 ರಿಯಾಯಿತಿ ಎಂದರೆ ಶೇ. 30 ಅಲ್ಲ, 28. ಹಾಗಾಗಿ 2500 × 0.8 × 0.9 ಒತ್ತಿ, 1800 ಬರುತ್ತದೆ. ತೆರಿಗೆ ದರ ಶೇ. 8 ಇದ್ದರೆ ಟ್ಯಾಕ್ಸ್ ಪ್ಲಸ್ ಕೀ 1944 ತೋರಿಸುತ್ತದೆ.

ನಿಜವಾದ ಉಪಯೋಗ ಟ್ಯಾಕ್ಸ್ ಮೈನಸ್ ಕೀಯದು. ತೆರಿಗೆ ಸೇರಿದ 1944ರಿಂದ ಮೂಲ ಬೆಲೆ ತೆಗೆಯಲು ಹಲವರು ಶೇ. 8 ಕಳೆದು 1788.48 ಎನ್ನುತ್ತಾರೆ. ತಪ್ಪು! 1.08ರಿಂದ ಭಾಗಿಸಬೇಕು, ಈ ಕೀ ಅದನ್ನೇ ಮಾಡುತ್ತದೆ.

ಕಿರಿಕಿರಿ ಶೇಕಡಾ ಕೀಯದು: ‘2500 − 20 %’ ಎಂದರೆ ಎಲ್ಲ ಮಾದರಿಗಳೂ 2000 ಕೊಡುವುದಿಲ್ಲ. ಕೊಳ್ಳುವ ಮುನ್ನ ಒತ್ತಿ ನೋಡಿ. ಬಿಂದುವಿನ ನಂತರ ಎಷ್ಟು ಅಂಕಿ ಎಂದು ನಿರ್ಧರಿಸುವ ದಶಮಾಂಶದ ಸ್ವಿಚ್ಚನ್ನು 2ಕ್ಕೆ ಇಡಿ.