ಸೊರಾರಿಟಿ ಕಾಮಿಡಿ: ‘ಸೊರಾರಿಟಿ ಬಾಯ್ಸ್’, ‘ಹೌಸ್ ಬನ್ನಿ’, ‘ಸಿಡ್ನಿ ವೈಟ್’ – ಯಾವುದನ್ನು ನೋಡುವುದು?

ಮೂರೂ ಸಿನಿಮಾ ಅಮೆರಿಕದ ಸೊರಾರಿಟಿ, ಅಂದರೆ ಕಾಲೇಜು ಹುಡುಗಿಯರ ಸಂಘದ ಮನೆಯ ಕಥೆಗಳೇ.

ನಗು ಬೇಕೆಂದರೆ ‘ದಿ ಹೌಸ್ ಬನ್ನಿ’ (2008). ಕಥೆ ತೆಳು, ಆದರೆ ನಾಯಕಿ ಅನ್ನಾ ಫ್ಯಾರಿಸ್ ಒಬ್ಬರೇ ಹೊತ್ತು ನಡೆಸುತ್ತಾರೆ: ಹೊಸಬರ ಹೆಸರು ನೆನಪಿಟ್ಟುಕೊಳ್ಳಲು ಗೊಗ್ಗರು ದನಿಯಲ್ಲಿ ಅದನ್ನೇ ಮತ್ತೆ ಹೇಳುವ ವರಸೆ ನೋಡಲೇಬೇಕು. ಮನೆ ಉಳಿಸಲು 30 ಹೊಸ ಸದಸ್ಯೆಯರು ಬೇಕೆಂಬ ಗುರಿಯೂ ಓಟ ಕೊಡುತ್ತದೆ.

‘ಸೊರಾರಿಟಿ ಬಾಯ್ಸ್’ (2002) ವಿಮರ್ಶಕರಿಂದ ಚೆನ್ನಾಗಿ ಬೈಸಿಕೊಂಡಿತು. ಹಣ ಕದ್ದ ಆರೋಪ ಹೊತ್ತ ಮೂವರು ಹುಡುಗರು ಹೆಣ್ಣುವೇಷದಲ್ಲಿ ಸೊರಾರಿಟಿ ಮನೆ ಸೇರುತ್ತಾರೆ. ರೂಪ ಹೀಯಾಳಿಸುವುದು ತಪ್ಪು ಎನ್ನುತ್ತಲೇ ಅದರಿಂದಲೇ ನಗು ಹಿಂಡುತ್ತದೆ, ಎಡವಿದ್ದು ಅಲ್ಲೇ. ಒರಟು ಹಾಸ್ಯ ಒಗ್ಗುವ ಗೆಳೆಯರ ಗುಂಪಿದ್ದರೆ ಹಾಕಿ. ಆರ್ ರೇಟಿಂಗ್ (ಅಮೆರಿಕದಲ್ಲಿ 17 ತುಂಬದವರು ದೊಡ್ಡವರ ಜೊತೆಗಷ್ಟೇ ನೋಡಬಹುದಾದದ್ದು), ಮಕ್ಕಳೆದುರು ಬೇಡ.

ಹದಿಹರೆಯದವರು ಜೊತೆಗಿದ್ದರೆ ‘ಸಿಡ್ನಿ ವೈಟ್’ (2007): ಸ್ನೋ ವೈಟ್ ಕಥೆಯೇ, ಕುಳ್ಳರ ಜಾಗದಲ್ಲಿ ಏಳು ಪುಸ್ತಕದ ಹುಳುಗಳು. ನಗು ಕಮ್ಮಿ, ಮುಜುಗರವೂ ಕಮ್ಮಿ.