ಹಲ್ಲುಕಡ್ಡಿಯ ಕೃಪೆಯಿಂದ ಉಳಿದ ಟಚ್‌ಅಪ್ ಪೆನ್ನು: ಮೂರು ವರ್ಷಗಳ ಬಳಕೆಯ ನಂತರ

ಈ ಟಚ್‌ಅಪ್ ಪೆನ್ನಿನ, ಅಂದರೆ ಕಾರಿನ ಬಣ್ಣ ಎದ್ದ ಜಾಗಕ್ಕೆ ಬಣ್ಣ ಹಚ್ಚುವ ಪುಟ್ಟ ಬಾಟಲಿಯ, ವಿಮರ್ಶೆಯನ್ನು ಕೊಂಡ ವಾರದಲ್ಲಿಯೇ ಬರೆದಿದ್ದರೆ, ಒಂದೇ ಒಂದು ನಕ್ಷತ್ರ ಕೊಟ್ಟು, ನಾಲ್ಕು ಸಾಲು ಬೈದು ಸುಮ್ಮನಾಗುತ್ತಿದ್ದೆ. ಮೂರು ವರ್ಷ ಕಳೆದ ಮೇಲೆ ಬರೆಯುತ್ತಿರುವುದರಿಂದ ಬೈಗುಳ ಅರ್ಧಕ್ಕೆ ಇಳಿದಿದೆ. ಉಳಿದ ಅರ್ಧವನ್ನು ಬಿಟ್ಟುಕೊಡುವ ಮನಸ್ಸಿಲ್ಲ, ಏಕೆಂದರೆ ಅದಕ್ಕೆ ಕಾರಣವಾದ ದೋಷ ಇಂದಿಗೂ ಪೆನ್ನಿನ ಮುಚ್ಚಳಕ್ಕೆ ಅಂಟಿಕೊಂಡೇ ಬರುತ್ತಿದೆ. ಅದು ಅದರ ಕುಂಚ.

ಪೆನ್ನಿನಲ್ಲಿ ಎಷ್ಟು ಬಣ್ಣವಿದೆ, ಜೊತೆಗೆ ಏನೇನು ಬರುತ್ತದೆ ಎಂಬುದೆಲ್ಲ ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ಕೊಳ್ಳುವ ಮುನ್ನ ಗಮನಿಸಬೇಕಾದದ್ದು ಒಂದೇ: ಬಣ್ಣದ ಹೆಸರನ್ನು ನಂಬದೆ, ಕಾರಿನ ಕಂಪನಿ ಆ ಬಣ್ಣಕ್ಕೆ ಕೊಟ್ಟ ಕೋಡನ್ನು ನೋಡಬೇಕು. ‘ಬೂದು’ ಎಂದು ನಾವು ಕರೆಯುವ ಬಣ್ಣದಲ್ಲಿ ಒಂದೇ ಕಂಪನಿಯದೇ ಹಲವು ಛಾಯೆಗಳಿರುತ್ತವೆ. ಕೋಡ್ ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿಯೋ ಬಾನೆಟ್ಟಿನ ಅಡಿಯಲ್ಲಿಯೋ ಇರುವ ಚೀಟಿಯ ಅಥವಾ ತಗಡಿನ ಮೇಲೆ ಸಿಗುತ್ತದೆ. ಕೋಡ್ ಸರಿಯಾಗಿದ್ದರೂ ಬಣ್ಣ ಹುಬೇಹೂಬು ಕೂಡುತ್ತದೆಂಬ ಭರವಸೆ ಬೇಡ, ಏಕೆಂದರೆ ಪೆನ್ನಿನೊಳಗಿನ ಬಣ್ಣ ಬಿಸಿಲು ಕಂಡಿಲ್ಲ, ಕಾರು ಕಂಡಿದೆ.

ನನ್ನ ಕಾರಿಗೆ ಬಿದ್ದ ಮೊದಲ ಪೆಟ್ಟು ಬಾನೆಟ್ಟಿನ ಮುಂಭಾಗದ ಅಂಚಿಗೆ. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಹಾರಿದ ಕಲ್ಲು ಎಳ್ಳುಕಾಳಿನಷ್ಟು ಜಾಗದಲ್ಲಿ ಬಣ್ಣವನ್ನು ಎಬ್ಬಿಸಿತ್ತು. ಅದು ನನ್ನ ಮೊದಲ ಹೊಸ ಕಾರು. ಅದಕ್ಕಿಂತ ಮೊದಲು ಇದ್ದವೆಲ್ಲ ಇನ್ನೊಬ್ಬರ ಗೀರುಗಳನ್ನು ಹೊತ್ತುಕೊಂಡೇ ಬಂದಿದ್ದರಿಂದ ನನಗೆ ಗೀರಿನ ಕಷ್ಟ ಗೊತ್ತಿರಲಿಲ್ಲ. ಎಳ್ಳಿನಷ್ಟು ಕಲೆಯನ್ನು ಹತ್ತು ಅಡಿ ದೂರದಿಂದಲೂ ಕಾಣುವ ಶಕ್ತಿ ನನ್ನ ಕಣ್ಣಿಗೆ ಆ ವಾರವೇ ಬಂತು. ಬೇರೆಯವರಿಗೆ ತೋರಿಸಿದರೆ, ಬೆರಳಿಟ್ಟು ತೋರಿಸಿದ ಮೇಲೂ “ಎಲ್ಲಿ?” ಎಂದು ಕೇಳುತ್ತಿದ್ದರು.

ಪೆನ್ನು ಬಂದ ದಿನವೇ ಸೂಚನೆಯ ಪ್ರಕಾರ ಅಲುಗಾಡಿಸಿ, ಮುಚ್ಚಳ ತಿರುಗಿಸಿ, ಕುಂಚವನ್ನು ಹೊರತೆಗೆದೆ. ಆ ಕುಂಚವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅದರ ಕೂದಲುಗಳು ಉಗುರು ಬಣ್ಣದ ಬಾಟಲಿಯ ಕುಂಚದಷ್ಟೇ ದಪ್ಪ. ತುದಿ ಕತ್ತರಿಯಿಂದ ನೇರವಾಗಿ ಕತ್ತರಿಸಿದಂತೆ ಮೊಂಡಾಗಿರುತ್ತದೆ, ಬಣ್ಣದಲ್ಲಿ ಅದ್ದಿದರೆ ಕೂದಲಿನ ನಡುವೆ ಹೀರಿಕೊಂಡ ಬಣ್ಣವೆಲ್ಲ ಒಂದು ತೊಟ್ಟಾಗಿ ಕೆಳಗೆ ಜಾರುತ್ತದೆ. ಎಳ್ಳಿನ ಗಾತ್ರದ ಗಾಯಕ್ಕೆ ಕಡಲೆಯ ಗಾತ್ರದ ಮದ್ದು ಬಿತ್ತು. ಒರೆಸಲು ಹೋದಾಗ ಅದು ಬಾನೆಟ್ಟಿನ ಮೇಲೆ ಬಾಲ ಬಿಟ್ಟುಕೊಂಡು ಹರಡಿತು. ಒಣಗಿದ ಮೇಲೆ ನೋಡಿದರೆ ಮೂಗಿಗಿಂತ ಮೂಗುತಿ ಭಾರ: ಮೊದಲು ಯಾರಿಗೂ ಕಾಣದಿದ್ದ ಕಲೆಯನ್ನು ಈಗ ಎಲ್ಲರೂ ತಾವಾಗಿಯೇ ಬಂದು ತೋರಿಸತೊಡಗಿದರು.

ಅದೂ ಸಾಲದೆಂಬಂತೆ ಬಣ್ಣ ಕೂಡಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಒಂದು ಕಡೆಯಿಂದ ನೋಡಿದರೆ ಸರಿಯೆನಿಸುತ್ತಿದ್ದ ತೇಪೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಪ್ಪಾಗಿ ಕಾಣುತ್ತಿತ್ತು. ಕೋಡ್ ತಪ್ಪಿರಬೇಕೆಂದು ಅಂಗಡಿಯವರಿಗೆ ಬರೆದು ಜಗಳವಾಡಿದೆ. ತಪ್ಪು ಅವರದಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಅತಿ ಸಣ್ಣ ಚೂರುಗಳಿರುತ್ತವೆ. ಕಾರ್ಖಾನೆಯಲ್ಲಿ ಸಿಂಪಡಿಸಿದಾಗ ಅವು ತೆಳ್ಳಗಿನ ಪದರದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಮಲಗಿ ಬೆಳಕನ್ನು ಒಟ್ಟಿಗೆ ಹಿಂದಿರುಗಿಸುತ್ತವೆ. ಕುಂಚದಿಂದ ಬಳಿದ ದಪ್ಪ ತೊಟ್ಟಿನಲ್ಲಿ ಅದೇ ಚೂರುಗಳು ಒಂದು ನಿಂತು, ಒಂದು ಓರೆಯಾಗಿ, ಒಂದು ಮುಳುಗಿ ಹೋಗುತ್ತವೆ. ಆದ್ದರಿಂದ ಬಣ್ಣ ಒಂದೇ ಆದರೂ ಹೊಳಪು ಬೇರೆಯಾಗುತ್ತದೆ. ಮಿನುಗಿಲ್ಲದ ಸಾದಾ ಬಿಳಿ, ಸಾದಾ ಕೆಂಪು ಕಾರಿನವರಿಗೆ ಈ ತೊಂದರೆ ಅಷ್ಟಾಗಿ ಇರುವುದಿಲ್ಲ. ಬೂದು ಮೆಟಾಲಿಕ್ ಆರಿಸಿಕೊಂಡವರು, ತೇಪೆ ಪೂರ್ತಿ ಮಾಯವಾಗಬೇಕೆಂಬ ಆಸೆಯನ್ನು ಪೆನ್ನು ಕೊಳ್ಳುವ ಮೊದಲೇ ಬಿಡುವುದು ಒಳ್ಳೆಯದು. ಡಬ್ಬಿಯ ಮೇಲೆ ಈ ಮಾತು ಎಲ್ಲಿಯೂ ಇಲ್ಲ. ಅಲ್ಲಿರುವ ಚಿತ್ರದಲ್ಲಿ ಗೀರು ಒಂದೇ ಎಳೆತಕ್ಕೆ ಅಳಿಸಿಹೋಗುತ್ತದೆ.

ಆರು ತಿಂಗಳು ಪೆನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಮತ್ತೆ ಹೊರಗೆ ಬಂದದ್ದು ಬಾಗಿಲಿನ ಅಂಚು ಗೋಡೆಗೆ ತಾಗಿ ಚಕ್ಕೆಯೆದ್ದ ದಿನ. ಬಳಿಯುತ್ತಿದ್ದಂತೆ ಆ ದರಿದ್ರ ಕುಂಚದಿಂದ ಒಂದು ಕೂದಲು ಕಿತ್ತುಬಂದು ಹಸಿ ಬಣ್ಣದಲ್ಲಿ ಅಂಟಿಕೊಂಡಿತು. ಅದನ್ನು ಎತ್ತಲು ಹಲ್ಲುಕಡ್ಡಿ ತಂದೆ. ಕೂದಲೇನೋ ಬಂತು, ಆದರೆ ಕಡ್ಡಿಯ ಮೊನೆಯಲ್ಲಿ ಉಳಿದಿದ್ದ ಬಣ್ಣ ಪಕ್ಕದ ಇನ್ನೊಂದು ಸಣ್ಣ ಚಕ್ಕೆಗೆ ತಾಗಿ, ಅದರೊಳಗೆ ಮಾತ್ರ ಇಳಿದು, ಅಂಚಿಗೆ ಬಂದು ನಿಂತಿತು. ಕುಂಚ ಆರು ತಿಂಗಳಿಂದ ಮಾಡಲಾಗದ ಕೆಲಸವನ್ನು ಬಿಸಾಡುವ ಕಡ್ಡಿಯೊಂದು ತಾನಾಗಿ ಮಾಡಿತ್ತು. ಅಂದಿನಿಂದ ಆ ಕುಂಚವನ್ನು ನಾನು ಮುಟ್ಟಿಲ್ಲ, ಪೆನ್ನಿನ ಮೇಲಿನ ನನ್ನ ಸಿಟ್ಟೂ ನಿಧಾನವಾಗಿ ಕರಗತೊಡಗಿತು.

ಈಗ ಇದು ತಿಂಗಳಿಗೊಮ್ಮೆ, ರಜೆಯ ದಿನ ಬಿಸಿಲೇರುವ ಮೊದಲು ನಡೆಯುವ ಕೆಲಸ. ಬಿಸಿ ತಗಡಿನ ಮೇಲೆ ಬಣ್ಣ ಹರಡುವ ಮುನ್ನವೇ ಒಣಗುತ್ತದೆ, ಮಳೆಗಾಲದ ತೇವದಲ್ಲಿ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಹಾಲಿನಂತೆ ಮಸುಕಾಗುತ್ತದೆ. ಆದ್ದರಿಂದ ಒಣ ಹವೆಯ ಬೆಳಗು ಬೇಕು. ಮೊದಲು ಧಾರಾಳವಾಗಿ ನೀರು ಹಾಕಿ ಧೂಳು ಇಳಿಸುತ್ತೇನೆ. ಒಣ ಬಟ್ಟೆಯಿಂದ ಧೂಳು ಒರೆಸಿಯೇ ನಾವು ನಮ್ಮ ಕಾರಿಗೆ ಅತಿ ಹೆಚ್ಚು ಗೀರು ಹಾಕುತ್ತೇವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಕಾಣುವ ವರ್ತುಲಗಳಿಗೆ ಕಲ್ಲೂ ಕಾರಣವಲ್ಲ, ಲಾರಿಯೂ ಕಾರಣವಲ್ಲ. ತೊಳೆದ ಮೇಲೆ ಗಾಯದ ಸುತ್ತ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಬೇಕು. ಹಳೆಯ ಮೇಣವೋ ಸಿಲಿಕೋನ್ ಪಾಲಿಶೋ ಉಳಿದಿದ್ದರೆ ಬಣ್ಣ ಕಚ್ಚಿಕೊಳ್ಳುವುದಿಲ್ಲ, ಎರಡು ತೊಳೆತಕ್ಕೆ ಸಿಪ್ಪೆಯಂತೆ ಎದ್ದುಬರುತ್ತದೆ.

ಆಮೇಲೆ ಅಲುಗಾಡಿಸುವುದು. ಒಳಗಿನ ಉಕ್ಕಿನ ಗುಂಡು ಮೊದಲು ಸದ್ದೇ ಮಾಡುವುದಿಲ್ಲ. ತಳದಲ್ಲಿ ಕೂತ ಬಣ್ಣದಲ್ಲಿ ಅದು ಸಿಕ್ಕಿಕೊಂಡಿರುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಮಂಕಾದ ‘ಟಕ್’, ಆಮೇಲೆ ಸ್ಪಷ್ಟವಾದ ‘ಟಕಟಕ’. ಸದ್ದು ತಿಳಿಯಾದ ಮೇಲೂ ಎರಡು ನಿಮಿಷ ಬಿಡದೆ ಕುಲುಕುತ್ತೇನೆ, ಏಕೆಂದರೆ ಲೋಹದ ಚೂರುಗಳು ಬಲು ಬೇಗ ತಳ ಸೇರುತ್ತವೆ. ಒಂದು ತೊಟ್ಟನ್ನು ಹಳೆಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಹಾಕಿಕೊಂಡು, ಹಲ್ಲುಕಡ್ಡಿಯ ಮೊನೆಯನ್ನು ಅದಕ್ಕೆ ತಾಗಿಸಿ, ಗಾಯದ ನಟ್ಟನಡುವೆ ಮುಟ್ಟಿಸಿದರೆ ಬಣ್ಣ ತಾನಾಗಿ ಅಂಚಿನವರೆಗೆ ಸರಿಯುತ್ತದೆ. ಬಳಿಯಬಾರದು, ಎಳೆಯಬಾರದು, ಮುಟ್ಟಿಸಿ ಕೈ ತೆಗೆಯಬೇಕು. ಆ ಕ್ಷಣದಲ್ಲಿ ನಾನು ಉಸಿರು ಹಿಡಿದುಕೊಂಡಿರುತ್ತೇನೆ ಎಂದು ಮನೆಯವರು ನಗುತ್ತಾರೆ. ಹಸಿಯಿದ್ದಾಗ ಉಬ್ಬಿಕೊಂಡಿದ್ದ ಹನಿ, ದ್ರಾವಕ ಆರಿದಂತೆ ಕುಗ್ಗಿ, ಮರುದಿನ ಬೆಳಗ್ಗೆ ಸಣ್ಣ ಬಟ್ಟಲಿನಂತೆ ತಗ್ಗಾಗಿರುತ್ತದೆ. ಮತ್ತೊಂದು ಹನಿ, ಮತ್ತೊಂದು ರಾತ್ರಿ. ಮೂರು ನಾಲ್ಕು ಸಲವಾದ ಮೇಲೆ ಕ್ಲಿಯರ್ ಕೋಟ್. ಇಷ್ಟು ಸಣ್ಣ ಜಾಗಕ್ಕೆ ನಾಲ್ಕು ದಿನ ಕಾಯುವುದರಲ್ಲಿ ಇಂಥ ಸುಖವಿದೆಯೆಂದು ಪೆನ್ನಿನ ಕಂಪನಿಯವರಿಗೂ ಗೊತ್ತಿರಲಿಕ್ಕಿಲ್ಲ.

ಯಾವ ಗೀರಿಗೆ ಪೆನ್ನು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಉಗುರೇ ಹೇಳುತ್ತದೆ. ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಗಾಯ ಮೇಲಿನ ಕ್ಲಿಯರ್ ಕೋಟ್‌ನಲ್ಲಿ ಮಾತ್ರ ಇದೆ, ಪಾಲಿಶ್ ಮಾಡಿದರೆ ಹೋಗುತ್ತದೆ. ಸಿಕ್ಕಿಕೊಂಡರೆ ಆಳವಾಗಿದೆ. ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ನಾವು ಬರೆಯುವ ಕಾಗದದ ಒಂದೋ ಒಂದೂವರೆಯೋ ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 50 ಮೈಕ್ರಾನಿನ ಆಸುಪಾಸು. ಇದು ಗೊತ್ತಾದ ಮೇಲೆ ಗೀರು ಸವೆಸುವ ರಬ್ಬಿಂಗ್ ಕಾಂಪೌಂಡ್ ಹಾಕಿ ಗಸಗಸ ಉಜ್ಜುವ ಕೈ ತಾನಾಗಿ ಹಗುರಾಯಿತು. ಒಣಗಿದ ಹನಿಯನ್ನು 2000 ಅಥವಾ 3000 ನಂಬರಿನ ವಾಟರ್ ಪೇಪರಿನಿಂದ, ಅಂದರೆ ನೀರು ಹಾಕಿ ಉಜ್ಜುವ ಬಲು ನಯವಾದ ಉಪ್ಪುಕಾಗದದಿಂದ, ಸಮ ಮಾಡಬಹುದೆನ್ನುತ್ತಾರೆ. ನಾನು ಒಂದು ಸಲ ಮಾಡಿ, ಸುತ್ತಲಿನ ಹೊಳಪು ಮಂಕಾದದ್ದನ್ನು ಮರಳಿ ತರಲು ಇಡೀ ಮಧ್ಯಾಹ್ನ ಪಾಲಿಶ್ ಹಚ್ಚಿ, ಆ ದಾರಿಯನ್ನೇ ಬಿಟ್ಟೆ.

ಈ ಪೆನ್ನು ನೆಗ್ಗಿಗೆ ಮದ್ದಲ್ಲ. ಬಣ್ಣ ಒಡೆಯದ ನೆಗ್ಗಾದರೆ, ಒಳಗಿನಿಂದ ಕಬ್ಬಿಣದ ಸರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತಿ ಎತ್ತುವ ಕುಶಲಿಗಳ ಬಳಿ ಹೋಗಬೇಕು. ಬಿಸಿನೀರು ಸುರಿದು ನೆಗ್ಗು ತೆಗೆಯುವ ಉಪಾಯ ಪ್ಲಾಸ್ಟಿಕ್ ಬಂಪರಿನಲ್ಲಿ ಕೆಲವೊಮ್ಮೆ ಫಲಿಸುತ್ತದೆ, ಉಕ್ಕಿನ ಬಾಗಿಲಿನಲ್ಲಿ ನನ್ನ ಪ್ಯಾಂಟು ಒದ್ದೆಯಾದದ್ದನ್ನು ಬಿಟ್ಟರೆ ಏನೂ ಆಗಲಿಲ್ಲ. ಉದ್ದನೆಯ ಆಳದ ಗೀರಿಗೂ ಇದನ್ನು ಬಳಸಬಾರದು; ದಾರ ಹೊಲಿದಂತೆ ಕಾಣುತ್ತದೆ. ಬಂಪರಿನ ಚಕ್ಕೆಗಳನ್ನು ನಾನೀಗ ಹಾಗೆಯೇ ಬಿಡುತ್ತೇನೆ, ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ.

ತುಕ್ಕಿನ ಮಾತಿಗೆ ಬಂದರೆ, ಪೆನ್ನಿನ ನಿಜವಾದ ಉಪಯೋಗ ಅಲ್ಲಿಯೇ ಇದೆ. ಚಕ್ರದ ಮೇಲಿನ ಕಮಾನಿನಲ್ಲಿದ್ದ ಒಂದು ಚಕ್ಕೆ ನನ್ನ ಕಣ್ಣು ತಪ್ಪಿಸಿಕೊಂಡು ಒಂದು ಮಳೆಗಾಲ ಕಳೆಯಿತು. ನೋಡಿದಾಗ ಗುಂಡುಸೂಜಿಯ ತಲೆಯಷ್ಟು ಕಂದು ಚುಕ್ಕೆ. ಕೆರೆದಾಗ ಸುತ್ತಲಿನ ಬಣ್ಣದ ಅಡಿಯಲ್ಲಿ ಅದರ ಎರಡರಷ್ಟು ಜಾಗಕ್ಕೆ ತುಕ್ಕು ನುಸುಳಿತ್ತು. ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ತುಕ್ಕು ತಡೆಯುವ ಪ್ರೈಮರ್ ತಾಗಿಸಿ, ಆಮೇಲೆ ಬಣ್ಣ ಹನಿಸಿದೆ. ಆ ತೇಪೆ ಚೆಂದವಾಗಿಲ್ಲ. ಆದರೆ ಎರಡು ಮಳೆಗಾಲ ದಾಟಿದರೂ ಕಂದು ಬಣ್ಣ ಮತ್ತೆ ತಲೆಯೆತ್ತಿಲ್ಲ, ಹಾಗೆಯೇ ಸಮಯಕ್ಕೆ ಸರಿಯಾಗಿ ಮುಚ್ಚಿದ ಹನ್ನೊಂದು ಚಕ್ಕೆಗಳಲ್ಲಿ ಒಂದರಲ್ಲಿಯೂ ತುಕ್ಕು ಕಂಡಿಲ್ಲ.

ಇಷ್ಟು ಪಾಡು ಪಡುವ ಬದಲು ಗ್ಯಾರೇಜಿನಲ್ಲಿ ಬಾನೆಟ್ಟನ್ನೇ ಹೊಸದಾಗಿ ಪೇಂಟ್ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಮೊದಲ ಕಾರಣ ನನ್ನ ಜೇಬು. ಎರಡನೆಯದು, ಕಾರ್ಖಾನೆಯಲ್ಲಿ ಬರಿಯ ತಗಡಿನ ಒಡಲನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಬಣ್ಣವನ್ನು ಗಟ್ಟಿ ಮಾಡಿರುತ್ತಾರೆ; ವೈರು, ಪ್ಲಾಸ್ಟಿಕ್ಕು, ಸೀಟುಗಳೆಲ್ಲ ಇರುವ ಕಾರನ್ನು ಗ್ಯಾರೇಜಿನಲ್ಲಿ ಸುಮಾರು 60 ಡಿಗ್ರಿಗಿಂತ ಹೆಚ್ಚು ಕಾಯಿಸುವುದಿಲ್ಲ, ಅದಕ್ಕೆ ಬೇರೆಯೇ ಬಗೆಯ ಬಣ್ಣ ಬಳಸುತ್ತಾರೆ. ಹನ್ನೊಂದು ಎಳ್ಳಿನಷ್ಟು ಕಲೆಗಳಿಗಾಗಿ ಆ ಮೂಲ ಬಣ್ಣವನ್ನು ಉಜ್ಜಿ ತೆಗೆಸಲು ನನಗೆ ಮನಸ್ಸಾಗಲಿಲ್ಲ.

ಮೂರು ವರ್ಷದ ಕೊನೆಗೆ ಪೆನ್ನಿನೊಳಗಿನ ಬಣ್ಣ ಅಂಟಂಟಾಗಿದೆ, ಗುಂಡು ಎಷ್ಟು ಕುಲುಕಿದರೂ ಸದ್ದು ಮಾಡುತ್ತಿಲ್ಲ. ಅರ್ಧಕ್ಕಿಂತ ಹೆಚ್ಚು ಬಣ್ಣ ಒಳಗೇ ಉಳಿದು ಹಾಳಾಯಿತು. ಪ್ರತಿ ಸಲ ಬಳಸಿದ ಮೇಲೆ ಬಾಯಿಯ ತಿರುಪಿನ ಎಳೆಗಳನ್ನು ಒರೆಸಿ ಮುಚ್ಚಿದ್ದರೆ ಇನ್ನೊಂದು ವರ್ಷ ಬರುತ್ತಿತ್ತೇನೋ. ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಕಡಿಮೆ ಮಾಡಿದ ಒಂದೂವರೆ ಪೂರ್ತಿಯಾಗಿ ಕುಂಚದ ಲೆಕ್ಕಕ್ಕೆ. ಕಳೆದ ವಾರ ಅದೇ ಕೋಡಿನ ಹೊಸ ಪೆನ್ನು ಬಂತು. ಕುಂಚ ಬದಲಾಗಿರಬಹುದೆಂದು ಆಸೆಯಿಂದ ಮುಚ್ಚಳ ತೆಗೆದು ನೋಡಿದೆ, ಅದೇ ಮೊಂಡು ಕುಂಚ. ಕತ್ತರಿ ತಂದು ಅದರ ಕೂದಲನ್ನೆಲ್ಲ ಬುಡಕ್ಕೆ ಕತ್ತರಿಸಿ, ಡಬ್ಬಿಯೊಳಗೆ ಒಂದು ಹಿಡಿ ಹಲ್ಲುಕಡ್ಡಿ ಸೇರಿಸಿ, ಮೇಲೆ ತಾರೀಖು ಬರೆದಿಟ್ಟಿದ್ದೇನೆ.